ಮೂರನೆಯ ಹೆಸರು

ಹೋದ ತಿಂಗಳು ಮುಲುಂಡಿನ ಓದುಗರೊಬ್ಬರು ಫೋನು ಮಾಡಿದ್ದರು. "ನಿಮ್ಮ ಹೆಸರಿನ ಕೆಳಗೆ ನಿವೃತ್ತ ಬ್ಯಾಂಕ್ ನೌಕರ, ಮೃದಂಗದ ಮೇಷ್ಟ್ರು ಅಂತ ಹಾಕ್ತಾರೆ. ಬ್ಯಾಂಕಿನ ಕತೆ ಎಷ್ಟೋ ಬರೆದ್ರಿ, ಲೋಕಲ್ ಟ್ರೇನಿನ ಕತೆ ಬರೆದ್ರಿ, ಹಲಸಿನಕಾಯಿ ಹಪ್ಪಳದ ಬಗ್ಗೆಯೂ ಬರೆದ್ರಿ. ಮೃದಂಗದ್ದು ಒಂದೂ ಇಲ್ಲವಲ್ಲ?" ಎಂದು ಕೇಳಿದರು. ನಾನು ಏನೋ ಹೇಳಿ ಜಾರಿಕೊಂಡೆ. ಬರೆಯದೆ ಇದ್ದುದಕ್ಕೆ ಒಂದು ಕಾರಣ ಉಂಟು. ಅದನ್ನು ಇಟ್ಟುಕೊಂಡೇ ಮೂವತ್ತು ವರ್ಷ ಕಳೆದಿದ್ದೇನೆ. ಈ ತಿಂಗಳು ಅದನ್ನು ಹೇಳಲೇಬೇಕಾದ ಸಂದರ್ಭ ಬಂತು.

ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ನನ್ನ ಶಿಷ್ಯನೊಬ್ಬನ ತಂದೆ ಡೊಂಬಿವಲಿಯ ನಮ್ಮ ಮನೆಗೆ ಬಂದರು. ಕುಂದಾಪುರದ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಈಗ ಠಾಣೆಯಲ್ಲಿ ಸ್ವಂತ ಹೋಟೆಲು ಇಟ್ಟಿದ್ದಾರೆ. ನಮ್ಮವರಲ್ಲಿ ಇಂಥ ಕತೆ ಎಷ್ಟಿಲ್ಲ ಹೇಳಿ. ಮಗ ಇಂಜಿನಿಯರಿಂಗ್ ಕೊನೆಯ ವರ್ಷ. ಒಂಬತ್ತು ವರ್ಷದಿಂದ ನನ್ನ ಹತ್ತಿರ ಮೃದಂಗ ಕಲಿಯುತ್ತಿದ್ದಾನೆ. ಕ್ಯಾಂಪಸ್ಸಿಗೆ ಕಂಪನಿಗಳು ಬಂದಿವೆ, ಇವನು ಇಂಟರ್‌ವ್ಯೂಗೇ ಹೋಗಿಲ್ಲ. ಕೇಳಿದರೆ, "ನನಗೆ ಮೃದಂಗವೇ ಕೆಲಸ" ಎಂದನಂತೆ.

"ನೀವೇ ಒಂದು ಮಾತು ಹೇಳಿ ಮಾಸ್ಟ್ರೆ" ಎಂದರು ಅವರು, ಚಪ್ಪಲಿ ಬಿಡುವುದಕ್ಕೆ ಮೊದಲೇ. "ನನ್ನ ಮಾತು ಅವನಿಗೆ ನಾಟುದಿಲ್ಲ. ನೀವು ಬ್ಯಾಂಕಿನ ಕೆಲಸ ಮಾಡಿಕೊಂಡೇ ಬಾರಿಸಿದ್ರಲ್ಲ, ಮನೆ ಮಾಡಿದ್ರಿ, ಮಗಳ ಮದುವೆ ಮಾಡಿದ್ರಿ. ಹಾಗೇ ಇವನೂ ಮಾಡ್ಲಿ. ಬಾರಿಸುದು ಬೇಡ ಅಂತ ನಾನು ಹೇಳಿದ್ನಾ? ಹೊಟ್ಟೆಗೆ ಎಂತ ಮಾಡುದು ಅಂತ ಕೇಳಿದ್ದು ಅಷ್ಟೇ."

ಹೊಟ್ಟೆಗೆ ಏನು ಮಾಡುವುದು? ಇದು ತಾಳವಾದ್ಯದವರಿಗೆಲ್ಲ ಹೆಣ್ಣು ಕೊಡುವ ಮಾವ ಕೇಳುವ ಪ್ರಶ್ನೆ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಮುಂದಿನ ಭಾನುವಾರ ಮಗನನ್ನೂ ಕರೆದುಕೊಂಡು ಬನ್ನಿ, ಮೂವರೂ ಕುಳಿತು ಲೆಕ್ಕ ಹಾಕೋಣ ಎಂದೆ. ಹೋಟೆಲು ನಡೆಸುವವರಿಗೆ ಲೆಕ್ಕ ಎಂದರೆ ಸ್ವಲ್ಪ ಸಮಾಧಾನ. ಹೋದರು.

ಆ ವಾರವೆಲ್ಲ ನಾನು ಇದನ್ನೇ ಯೋಚಿಸಿದೆ.

ಹಳೆಯ ಆಮಂತ್ರಣ ಪತ್ರಿಕೆಗಳ ಒಂದು ಕಟ್ಟು ನನ್ನಲ್ಲಿದೆ. ಮಾಟುಂಗದ ಮೈಸೂರು ಅಸೋಸಿಯೇಶನ್, ಚೆಂಬೂರಿನ ಫೈನ್ ಆರ್ಟ್ಸ್, ದೇವಸ್ಥಾನಗಳ ರಾಮನವಮಿ. ಎಲ್ಲದರಲ್ಲೂ ಒಂದೇ ಕ್ರಮ. ಮೊದಲು ಹಾಡುವವರ ಹೆಸರು, ದಪ್ಪ ಅಕ್ಷರದಲ್ಲಿ, ಫೋಟೋ ಸಮೇತ. ಅದರ ಕೆಳಗೆ ಪಿಟೀಲು. ಮೂರನೆಯದು ಮೃದಂಗ. ಘಟ, ಖಂಜಿರ ಇದ್ದರೆ ನಾಲ್ಕನೆಯದು, ಅದೂ ಪುಣ್ಯವಿದ್ದರೆ. ಕಛೇರಿಯ ಎರಡೂವರೆ ಗಂಟೆಯಲ್ಲಿ ಪ್ರತಿ ಕೃತಿಯ ಉದ್ದಕ್ಕೂ ಕೈ ಬಿಡದೆ ಬಾರಿಸುವವನು ಮೃದಂಗದವನು. ಅವನಿಗೆಂದೇ ಇರುವ ಸಮಯ ತನಿ ಆವರ್ತನ, ಹತ್ತು ಹದಿನೈದು ನಿಮಿಷ. ಅದು ಶುರುವಾದ ಕೂಡಲೇ ಅರ್ಧ ಸಭೆ ಎದ್ದು ಕಾಫಿಗೆ ಹೋಗುತ್ತದೆ. ಷಣ್ಮುಖಾನಂದ ಸಭಾಂಗಣದಲ್ಲಿ ಕುಳಿತು ಕಛೇರಿ ಕೇಳಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಕ್ಯಾಂಟೀನಿನ ಸಾಲಿನಲ್ಲಿ ನೀವೂ ಇದ್ದಿರಬಹುದು. ಬೇಸರವಿಲ್ಲ, ಅಲ್ಲಿಯ ಕಾಫಿ ಚೆನ್ನಾಗಿಯೇ ಇರುತ್ತಿತ್ತು.

ಈ ಮೂರನೆಯ ಸ್ಥಾನ ಹಳೆಯದು. ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಮೃದಂಗದವರಿಗೆ ಮೊದಲು ಸಿಕ್ಕಿದ್ದು 1966ರಲ್ಲಿ, ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ. ಅಷ್ಟು ಹೊತ್ತಿಗೆ ಅವರು ದಕ್ಷಿಣದ ದೊಡ್ಡ ಗಾಯಕರಿಗೆಲ್ಲ ಬಾರಿಸಿಯಾಗಿತ್ತು. ಅಂಥವರೂ ಕೊನೆಗಾಲದಲ್ಲಿ ರಿಷಿವ್ಯಾಲಿ ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದರು. ಉತ್ತರಾದಿಯಲ್ಲಿ ತಬಲಾದ ಕತೆಯೂ ಬೇರೆಯಲ್ಲ. ಉಸ್ತಾದ್ ಅಲ್ಲಾ ರಖಾ ಮುಂಬಯಿ ಆಕಾಶವಾಣಿಯಲ್ಲಿ ಬಾರಿಸಿದರು, ಎ. ಆರ್. ಖುರೇಷಿ ಎಂಬ ಹೆಸರಿನಲ್ಲಿ ಹಿಂದಿ ಸಿನಿಮಾಗಳಿಗೆ ಸಂಗೀತ ಕೊಟ್ಟರು. ಸಿನಿಮಾ ಆಸೆಯಿಂದ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ, ಮನೆ ನಡೆಯಬೇಕಿತ್ತು. ಆಮೇಲೆ ರವಿಶಂಕರ್ ಜೊತೆ 1967ರಲ್ಲಿ ಮಾಂಟೆರೆ, 1969ರಲ್ಲಿ ವುಡ್‌ಸ್ಟಾಕ್. ತಬಲಾದವನೂ ಒಬ್ಬ ಕಲಾವಿದ ಎಂದು ಲೋಕ ತಿರುಗಿ ನೋಡಿತು. ಅವರ ಮಗ ಝಾಕಿರ್ ಹುಸೇನ್ ಕಾಲಕ್ಕೆ ಹೆಸರು ಮೂರರಿಂದ ಒಂದಕ್ಕೆ ಬಂತು, ಫೋಟೋವೂ ಬಂತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಈ ಹುಡುಗ ನನಗೆ ಫೋನು ಮಾಡಿ ಏನೂ ಮಾತಾಡದೆ ಸುಮ್ಮನೆ ಇದ್ದ. ತಂದೆಯ ನೆನಪಿಗೆ ಝಾಕಿರ್ ಫೆಬ್ರವರಿ 3ರಂದು ನಡೆಸುತ್ತಿದ್ದ ಕಾರ್ಯಕ್ರಮಕ್ಕೆ ಅವನು ಶಾಲೆಯ ದಿನಗಳಿಂದ ಹೋಗುತ್ತಿದ್ದ. ಬೆಳಿಗ್ಗೆ ಕತ್ತಲೆಗೇ ಹೋಗಿ ಕುಳಿತರೆ ರಾತ್ರಿಯವರೆಗೂ ತಾಳವಾದ್ಯವೇ. ಅಲ್ಲಿ ಯಾರೂ ಕಾಫಿಗೆ ಏಳುವುದಿಲ್ಲ. ಹುಡುಗನ ತಲೆ ಕೆಟ್ಟದ್ದು ಅಲ್ಲಿಯೇ ಎಂದು ಅವನ ತಂದೆ ಹೇಳುತ್ತಾರೆ.

ಆದರೆ ಒಬ್ಬ ಝಾಕಿರನ್ನು ನೋಡಿ ವೃತ್ತಿ ಆರಿಸುವುದು, ಒಬ್ಬ ತೆಂಡೂಲ್ಕರನನ್ನು ನೋಡಿ ಶಿವಾಜಿ ಪಾರ್ಕಿನಲ್ಲಿ ಬ್ಯಾಟು ಹಿಡಿದ ಹಾಗೆ. ಉಳಿದವರು ಹೇಗೆ ಬದುಕುತ್ತಾರೆ ಎಂಬುದು ಲೆಕ್ಕ.

ಚೆಂಬೂರಿನಲ್ಲಿ ನನಗೊಬ್ಬ ಗೆಳೆಯರಿದ್ದಾರೆ, ಪೂರ್ಣಾವಧಿ ಮೃದಂಗದವರು. ಅವರ ಹತ್ತಿರ ಹೋಗಿ, "ಒಂದು ಹುಡುಗನ ವಿಷಯ, ನಿಮ್ಮ ಡೈರಿ ತೋರಿಸಿ" ಎಂದೆ. ನಕ್ಕು ತೋರಿಸಿದರು. ಹೆಸರು ಬರೆಯಬೇಡಿ ಎಂದರು, ಆದಾಯ ತೆರಿಗೆಯವರಿಗೆ ಹೆದರಿ ಅಲ್ಲ, ಹೆಂಡತಿಯ ತವರಿನವರು ಓದುತ್ತಾರೆ ಎಂದು. ಕಳೆದ ವರ್ಷ ಅವರಿಗೆ ಕಛೇರಿಗಳು 41. ಭರತನಾಟ್ಯದ ರಂಗಪ್ರವೇಶ ಮತ್ತು ಇತರ ನೃತ್ಯ ಕಾರ್ಯಕ್ರಮಗಳು 19. ಕಛೇರಿಗಿಂತ ನೃತ್ಯಕ್ಕೆ ಹೆಚ್ಚು ಹಣ, ಯಾಕೆಂದರೆ ರಂಗಪ್ರವೇಶವೆಂದರೆ ಹುಡುಗಿಯ ಮನೆಯವರಿಗೆ ಸಣ್ಣ ಮದುವೆಯಿದ್ದಂತೆ. ಆದರೆ ಒಂದು ಕಾರ್ಯಕ್ರಮಕ್ಕೆ ಮೂರು ನಾಲ್ಕು ರಿಹರ್ಸಲ್. ಕಛೇರಿ, ನೃತ್ಯ ಎರಡನ್ನೂ ಸೇರಿಸಿದರೂ ಪಾಠದಿಂದ ಬಂದದ್ದರ ಅರ್ಧಕ್ಕೆ ಮುಟ್ಟುವುದಿಲ್ಲ. ಶಿಷ್ಯರು 28 ಮಂದಿ, ತಿಂಗಳಿಗೆ ತಲೆಗೆ 1,800 ರೂಪಾಯಿ. ಮಾರ್ಚಿಯಲ್ಲಿ ಪರೀಕ್ಷೆಯೆಂದು ಬರುವುದಿಲ್ಲ, ಮೇಯಲ್ಲಿ ಊರಿಗೆ ಹೋಗುತ್ತಾರೆ. ಪಿತೃಪಕ್ಷದಲ್ಲಿ ಕಾರ್ಯಕ್ರಮ ಇಲ್ಲ, ನವರಾತ್ರಿಯಲ್ಲಿ ಒಂದೇ ಸಂಜೆ ಮೂವರು ಕರೆಯುತ್ತಾರೆ. ಡಿಸೆಂಬರಿನಲ್ಲಿ ಚೆನ್ನೈ ಸೀಸನ್. ಅಲ್ಲಿ ಹೊಸಬರಿಗೆ ಸಿಗುವುದು ಮಧ್ಯಾಹ್ನದ ಕಛೇರಿ. ಕೈಗೆ ಬರುವ ಲಕೋಟೆಗಿಂತ ರೈಲು ಮತ್ತು ಲಾಡ್ಜಿನ ಖರ್ಚು ಹೆಚ್ಚು. ಆದರೂ ಹೋಗಬೇಕು, ಯಾಕೆಂದರೆ ಅಲ್ಲಿ ಯಾರೋ ಒಬ್ಬ ಗಾಯಕ ಕೇಳಿ, ಮುಂದಿನ ವರ್ಷ ಕರೆಯುತ್ತಾನೆ.

ಕರೆಯುತ್ತಾನೆ ಎಂಬ ಈ ಕ್ರಿಯಾಪದದ ಮೇಲೆಯೇ ಪಕ್ಕವಾದ್ಯದವನ ಬದುಕೆಲ್ಲ ನಿಂತಿದೆ. ಹಾಡುವವನು ತಾನೇ ಒಂದು ಕಾರ್ಯಕ್ರಮ ಏರ್ಪಡಿಸಿಕೊಳ್ಳಬಹುದು. ಮೃದಂಗದವನು ಫೋನು ಬರುವುದನ್ನು ಕಾಯಬೇಕು. ಒಮ್ಮೆ ಇಲ್ಲ ಎಂದರೆ ಮುಂದಿನ ಫೋನು ಬೇರೆಯವನಿಗೆ ಹೋಗುತ್ತದೆ. ಹುಷಾರಿಲ್ಲದಾಗಲೂ, ಮನೆಯಲ್ಲಿ ಸಾವಾದಾಗಲೂ ಹೋಗಿ ಬಾರಿಸಿ ಬಂದವರನ್ನು ನಾನು ಬಲ್ಲೆ.

ಹೆಣ್ಣುಮಕ್ಕಳಿಗೆ ಆ ಫೋನು ಇನ್ನೂ ಅಪರೂಪ. ಬೆಂಗಳೂರಿನ ಘಟವಾದಕಿ ಸುಕನ್ಯಾ ರಾಮ್‌ಗೋಪಾಲ್ ಅವರಿಗೆ, ಹೆಂಗಸಿನ ಜೊತೆ ಬಾರಿಸುವುದಿಲ್ಲವೆಂದು ಮೃದಂಗದವರು ಹೇಳಿದ್ದರಿಂದ ಅವಕಾಶ ತಪ್ಪಿದ್ದುಂಟು. ಅವರು ಹೆಂಗಸರದೇ ಒಂದು ತಂಡ ಕಟ್ಟಿಕೊಂಡು, ಸ್ತ್ರೀ ತಾಳ ತರಂಗ ಎಂದು ಹೆಸರಿಟ್ಟು ಬಾರಿಸಿದರು. ಕರೆಯದಿದ್ದರೆ ಬೇಡ ಎಂದು ಹೇಳುವುದಕ್ಕೆ ಅಷ್ಟು ಕೆಚ್ಚು ಬೇಕು. ನನ್ನಲ್ಲಿ ಈಗ ಮೂವರು ಹುಡುಗಿಯರು ಕಲಿಯುತ್ತಿದ್ದಾರೆ. ಒಬ್ಬಳ ಎಡಗೈಯ ಗುಮ್ಕಿ ಈ ಹುಡುಗನಿಗಿಂತ ಚೆಂದ. ಅದನ್ನು ಅವನಿಗೂ ಹೇಳಿದ್ದೇನೆ.

ಇನ್ನು ಖರ್ಚು. ಮೃದಂಗ ಒಂದು ಸಾಲದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಗಂಡಸರು ಒಂದು, ಒಂದೂವರೆ ಮನೆಯ ಶ್ರುತಿಯಲ್ಲಿ ಹಾಡಿದರೆ ಹೆಂಗಸರು ಐದು, ಐದೂವರೆ. ಒಂದೇ ವಾದ್ಯವನ್ನು ಅಷ್ಟು ಏರಿಸಿ ಇಳಿಸಲು ಬರುವುದಿಲ್ಲ. ತಗ್ಗು ಶ್ರುತಿಗೆ ಉದ್ದದ್ದೊಂದು, ಹೆಚ್ಚು ಶ್ರುತಿಗೆ ಗಿಡ್ಡದ್ದೊಂದು ಬೇಕೇ ಬೇಕು. ಒಳ್ಳೆಯ ಹಲಸಿನ ಮರದ್ದು, ಎತ್ತಿದರೆ ಭುಜ ಹೇಳುತ್ತದೆ. ಮುಚ್ಚಿಗೆಗೆ ಆಯುಸ್ಸು ಕಡಿಮೆ. ದಿನಾ ಬಾರಿಸುವವನಿಗೆ ಬಲದ ಕರಣೆ ಬೇಗ ಸವೆದು ಒಡೆಯುತ್ತದೆ. ಕಳೆದ ಸಲ ಒಂದು ಬಲ ಮುಚ್ಚಿಗೆಗೆ ನಾನು ಕೊಟ್ಟದ್ದು 3,500 ರೂಪಾಯಿ. ಮುಂಬಯಿಯ ಮಳೆಗಾಲದಲ್ಲಂತೂ ಚರ್ಮ ನೀರು ಕುಡಿದು ಸಡಿಲಾಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ಎಡಕ್ಕೆ ರವೆ ಕಲಸಿ ಹಚ್ಚಬೇಕು, ಮುಗಿದ ಮೇಲೆ ಕೆರೆದು ತೆಗೆಯಬೇಕು. ನಮ್ಮ ಮನೆಯಲ್ಲಿ ಉಪ್ಪಿಟ್ಟಿನ ರವೆಯ ಡಬ್ಬಿಗೂ ಮೃದಂಗದ ರವೆಯ ಡಬ್ಬಿಗೂ ನಲವತ್ತು ವರ್ಷಗಳ ಜಗಳ.

ಈ ಮುಚ್ಚಿಗೆ ಕಟ್ಟುವವರ ವಿಷಯ ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಹಸು, ಆಡು, ಎಮ್ಮೆ ಮೂರರ ಚರ್ಮವೂ ಇಲ್ಲದೆ ಮೃದಂಗವಿಲ್ಲ. ಆ ಚರ್ಮವನ್ನು ಆರಿಸಿ, ಹದಮಾಡಿ, ನಾದ ಕೇಳಿ ಕಟ್ಟುವವರು ತಲೆಮಾರುಗಳಿಂದ ಬಹುಪಾಲು ದಲಿತ ಕುಟುಂಬದವರು. ಟಿ. ಎಂ. ಕೃಷ್ಣ ಅವರು ಇವರ ಬಗ್ಗೆ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದ ಮೇಲೆ ನಾವೆಲ್ಲ ಸ್ವಲ್ಪ ತಲೆತಗ್ಗಿಸಿದೆವು. ಆಮಂತ್ರಣದಲ್ಲಿ ನನ್ನ ಹೆಸರು ಮೂರನೆಯದು ಎಂದು ನಾನು ಗೊಣಗಿದ್ದೆನಲ್ಲ, ಇವರ ಹೆಸರು ಯಾವ ಆಮಂತ್ರಣದಲ್ಲೂ ಇರಲಿಲ್ಲ. ನನಗೆ ವಾದ್ಯ ಬರುವುದು ಪಾಲಕ್ಕಾಡಿನ ಹತ್ತಿರದ ಪೆರುವೆಂಬದಿಂದ. ಅದು ವಾದ್ಯ ಮಾಡುವವರ ಊರು. ಅಲ್ಲಿಯ ಹಿರಿಯರೊಬ್ಬರು ನನ್ನ ಮೃದಂಗವನ್ನು ಎರಡು ಸಲ ತಟ್ಟಿ, "ನೀವು ಎಡವನ್ನು ಸರಿಯಾಗಿ ಉಪಯೋಗಿಸುತ್ತಿಲ್ಲ" ಎಂದು ಹೇಳಿಬಿಟ್ಟರು. ಹೌದಾಗಿತ್ತು.

ನಾನು ಮೊದಲು ಕೈಯಿಟ್ಟದ್ದು ಮೃದಂಗಕ್ಕಲ್ಲ, ಮದ್ದಳೆಗೆ. ಊರಿನಲ್ಲಿ ಮೇಳದ ಆಟವೆಂದರೆ ಚೌಕಿಯ ಬದಿಯಲ್ಲಿ ಕುಳಿತು ಹಿಮ್ಮೇಳದವರು ಶ್ರುತಿ ಮಾಡುವುದನ್ನು ನೋಡುವ ಹುಚ್ಚು. ಹಿರಿಯಡಕ ಗೋಪಾಲ ರಾಯರ ಏರು ಮದ್ದಳೆಯನ್ನು ಕೇಳಿ ಬೆಳೆದ ತಲೆಮಾರು ನಮ್ಮದು. ಅವರು ನೂರು ದಾಟಿ 2020ರಲ್ಲಿ ಹೋದರು. ಮೇಳದ ಮದ್ದಳೆಗಾರನಿಗೆ ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ ರಾತ್ರಿಯೆಲ್ಲ ಕೆಲಸ, ಹಗಲು ನಿದ್ದೆ. ಮಳೆಗಾಲದಲ್ಲಿ ಸಂಬಳವಿಲ್ಲ. ಅದಕ್ಕೇ ಮಳೆಗಾಲಕ್ಕೆ ತಂಡಗಳು ಮುಂಬಯಿಗೆ ಬರುತ್ತವೆ, ನಾವಿಲ್ಲಿ ಹಾಲಿನಲ್ಲಿ ಟಿಕೆಟ್ಟು ಕೊಂಡು ಆಟ ನೋಡುತ್ತೇವೆ. ನಮಗದು ಊರಿನ ನೆನಪು, ಅವರಿಗದು ಆಷಾಢದ ಅಕ್ಕಿ. ಕಳೆದ ಜುಲೈಯಲ್ಲಿ ನಮ್ಮ ಮನೆಯಲ್ಲಿ ಉಳಿದಿದ್ದ ಮದ್ದಳೆಗಾರರೊಬ್ಬರು ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಮಗನಿಗೆ ಕಲಿಸಲಿಲ್ಲ. ಅವ ಮಂಗ್ಳೂರಲ್ಲಿ ಎ.ಸಿ. ರಿಪೇರಿ ಮಾಡ್ತಾನೆ, ಆರಾಮ ಇದ್ದಾನೆ" ಎಂದರು. ಹೇಳಿದ್ದು ಸಂತೋಷದಿಂದಲೇ. ಆದರೆ ಅವರ ಬೆರಳುಗಳು ಮಾತ್ರ ಟೇಬಲ್ಲಿನ ಅಂಚಿನ ಮೇಲೆ ಆಡುತ್ತಲೇ ಇದ್ದವು.

ಹಾಗಾದರೆ ತಾಳವಾದ್ಯದವನನ್ನು ಉಳಿಸುವುದು ಯಾವುದು? ಪಾಠ. ಇದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಕಡೆಯವರದೇ ದೊಡ್ಡ ಉದಾಹರಣೆ ಉಂಟು. ತಾರಾನಾಥ ರಾವ್ ಹಟ್ಟಿಯಂಗಡಿ, ಹುಟ್ಟಿದ್ದು 1915ರಲ್ಲಿ ಮಂಗಳೂರಿನಲ್ಲಿ. ಮುಂಬಯಿಗೆ ಬಂದು ಉಸ್ತಾದ್ ಶಂಸುದ್ದೀನ್ ಖಾನರಲ್ಲಿ ತಬಲಾ ಕಲಿತರು, ಪಖಾವಜ್ ಕೂಡ ಬಾರಿಸಿದರು. ಅವರ ಹೆಸರು ಸಾಮಾನ್ಯ ಶ್ರೋತೃಗಳಿಗೆ ಗೊತ್ತಿಲ್ಲ, ತಬಲಾದವರಿಗೆ ಗೊತ್ತು. ಯಾಕೆಂದರೆ ಅವರ ಬದುಕೆಲ್ಲ ಕಲಿಸುವುದರಲ್ಲಿ ಹೋಯಿತು. ಸದಾನಂದ ನಾಯಂಪಳ್ಳಿ, ಓಂಕಾರ ಗುಲ್ವಾಡಿ ಅವರ ಶಿಷ್ಯರು. ಕೊನೆಯ ವರ್ಷಗಳಲ್ಲಿ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಬಿಳಿಯ ಹುಡುಗರನ್ನು ನೆಲದ ಮೇಲೆ ಕೂರಿಸಿ ಬೋಲುಗಳನ್ನು ಬಾಯಲ್ಲಿ ಹೇಳಿಸಿದರು. ಮಂಗಳೂರಿನಿಂದ ಹೊರಟ ಕೈ ಲಾಸ್ ಏಂಜಲೀಸಿನ ಹತ್ತಿರ ಪಾಠ ಹೇಳಿತು. ನಾವು ವಲಸಿಗರ ಪತ್ರಿಕೆ ನಡೆಸುವವರು ಇಂಥವರ ಮೇಲೆ ಒಂದು ಸಂಚಿಕೆ ಮಾಡಬೇಕು, ಸಂಪಾದಕರು ಗಮನಿಸಲಿ.

ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿ 1964ರಲ್ಲೇ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂದು ತಾಳವಾದ್ಯಕ್ಕಾಗಿಯೇ ಒಂದು ಶಾಲೆ ತೆರೆದರು. ಆಗ ಇದೇನು ಹುಚ್ಚು ಎಂದವರಿದ್ದಿರಬೇಕು. ಅವರೂ ಅವರ ಪತ್ನಿ ಆರ್. ಎ. ರಮಾಮಣಿಯವರೂ ಜಾಝ್‌ನ ಚಾರ್ಲಿ ಮರಿಯಾನೋ ಜೊತೆ ಸೇರಿ 'ಜ್ಯೋತಿ' ಎಂಬ ರೆಕಾರ್ಡು ಮಾಡಿದರು, 1983ರಲ್ಲಿ ಬಂತು. ಅದನ್ನು ನಾನು ದಾದರಿನ ಗೆಳೆಯರೊಬ್ಬರ ಮನೆಯಲ್ಲಿ ಕೇಳಿ, ಕೊನ್ನಕ್ಕೋಲಿಗೆ ಇಷ್ಟು ದೂರ ಹೋಗುವ ಕಾಲಿದೆಯಾ ಎಂದು ಬೆರಗಾಗಿದ್ದೆ.

ಪಾಠವೆಂದರೆ ಸುಲಭದ ಕೆಲಸ ಎಂದುಕೊಳ್ಳಬೇಡಿ. ತ ಧೀ ತೊಂ ನಂ ಎಂಬ ನಾಲ್ಕು ಅಕ್ಷರವನ್ನು ಮೂರು ಕಾಲದಲ್ಲಿ ಸಮವಾಗಿ ಹೊರಡಿಸಲು ಏಳು ವರ್ಷದ ಮಗುವಿಗೆ ಆರು ತಿಂಗಳು ಬೇಕು. ಆರು ತಿಂಗಳೂ ಅದನ್ನೇ ಕೇಳುವವನು ಮೇಷ್ಟ್ರು. ಅದರ ಮಧ್ಯೆ ತಾಯಿ ಬಂದು, "ಶಾಲೆಯ ಆನ್ಯುಯಲ್ ಡೇಗೆ ಒಂದು ಐಟಂ ಹೇಳಿಕೊಡಿ" ಎನ್ನುತ್ತಾಳೆ. 2020ರಲ್ಲಿ ಎಲ್ಲ ನಿಂತಾಗ ಆನ್‌ಲೈನ್ ಪಾಠ ಶುರುವಾಯಿತು. ಅದರಲ್ಲಿ ಧ್ವನಿ ಒಂದು ಕ್ಷಣ ತಡವಾಗಿ ಬರುತ್ತದೆ. ಹಾಡು ಕಲಿಸುವವರಿಗೆ ಹೇಗೋ ನಡೆಯುತ್ತದೆ, ತಾಳ ಕಲಿಸುವವರಿಗೆ ಆ ಕ್ಷಣವೇ ಪ್ರಾಣ. ನಾನಿಲ್ಲಿ ತಾಳ ಹಾಕಿದರೆ ನ್ಯೂಜೆರ್ಸಿಯ ಹುಡುಗ ಅಲ್ಲಿ ಸರಿಯಾಗಿ ಬಾರಿಸಿದರೂ ನನಗೆ ತಪ್ಪಾಗಿ ಕೇಳುತ್ತದೆ. ಕೊನೆಗೆ ತಾಳವನ್ನು ಅವನ ಅಜ್ಜಿಯಿಂದ ಹಾಕಿಸಿದೆ. ಅಜ್ಜಿ ಶಿವಮೊಗ್ಗದವರು, ಭಜನಾ ಮಂಡಳಿಯಲ್ಲಿದ್ದವರು. ಲಯ ಗಟ್ಟಿ.

ಹೀಗೆ ಲೆಕ್ಕವೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಭಾನುವಾರ ತಂದೆ ಮಗ ಬಂದರು. ಹಾಳೆಯನ್ನು ಮಧ್ಯದಲ್ಲಿಟ್ಟೆ. ತಂದೆ ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿದರು, ಹೋಟೆಲಿನ ಬಿಲ್ಲು ನೋಡುವ ಹಾಗೆ.

"ನೋಡು" ಎಂದರು ಮಗನಿಗೆ, "ನಾನು ಹೇಳಿದ್ದೇ ಆಯ್ತಲ್ಲ. ಮಾಸ್ಟ್ರ ಹಾಗೆ ಕೆಲಸ ಹಿಡಿದುಕೊಂಡು ಬಾರಿಸು."

ಹುಡುಗ ಹಾಳೆಯನ್ನು ನೋಡಲೇ ಇಲ್ಲ. ನನ್ನನ್ನು ನೋಡಿ ಕೇಳಿದ. "ಸರ್, ನೀವು ಯಾಕೆ ಫುಲ್ ಟೈಮ್ ಹೋಗಲಿಲ್ಲ?"

ಇಷ್ಟು ವರ್ಷ ಇದನ್ನು ಯಾರು ಕೇಳಿದರೂ ನನ್ನಲ್ಲಿ ಒಂದು ಉತ್ತರವಿತ್ತು. ಬ್ಯಾಂಕಿನಲ್ಲಿ ರಜೆ ಕೊಡಲಿಲ್ಲ. ಈ ಪತ್ರಿಕೆಯ ಗೆಳೆಯರಿಗೂ ಹಾಗೆಯೇ ಹೇಳಿದ್ದೇನೆ. ನಡೆದದ್ದು ಬೇರೆ.

1992ರ ಜನವರಿ. ಮದ್ರಾಸಿನ ಹಿರಿಯ ಗಾಯಕರೊಬ್ಬರು ಉತ್ತರ ಭಾರತದ ಪ್ರವಾಸಕ್ಕೆ ಹೊರಟಿದ್ದರು. ಪುಣೆ, ದೆಹಲಿ, ಕಲ್ಕತ್ತಾ, 24 ದಿನ. ಅವರ ಮೃದಂಗದವರ ಕೈಗೆ ಪೆಟ್ಟಾಗಿತ್ತು. ಹಿಂದಿನ ವರ್ಷ ಮಾಟುಂಗದಲ್ಲಿ ಅವರಿಗೆ ಒಂದು ಕಛೇರಿ ಬಾರಿಸಿದ್ದೆ. ನನ್ನ ಗುರುಗಳ ಮೂಲಕ ಹೇಳಿ ಕಳಿಸಿದರು. ನಮ್ಮಲ್ಲಿ ಫೋನಿರಲಿಲ್ಲ, ಪಕ್ಕದ ಮನೆಯ ಗುಜರಾತಿಗಳ ಮನೆಗೆ ಗುರುಗಳು ಫೋನು ಮಾಡಿದರು. ನಾನು ಬನಿಯನ್ನಿನಲ್ಲೇ ಓಡಿಹೋಗಿ ರಿಸೀವರ್ ಹಿಡಿದೆ. "ಹೊರಡುತ್ತೀಯಾ?" ಎಂದು ಕೇಳಿದರು. ನಾನು, "ಬ್ಯಾಂಕಿನಲ್ಲಿ ರಜೆ ಕೊಡುವುದಿಲ್ಲ ಸರ್" ಎಂದೆ.

ಕೇಳಿರಲೇ ಇಲ್ಲ. ಅರ್ಜಿ ಬರೆದಿರಲಿಲ್ಲ, ಮ್ಯಾನೇಜರ ಬಾಗಿಲು ತಟ್ಟಿರಲಿಲ್ಲ. ಮಗಳಿಗೆ ಒಂದೂವರೆ ವರ್ಷ, ಪ್ರಮೋಶನ್ ಪರೀಕ್ಷೆ ಎದುರಿಗಿತ್ತು, ಎಲ್ಲ ನಿಜ. ಆದರೆ ಆ ಕ್ಷಣ ನನ್ನ ಬಾಯಿಂದ ಅದು ಬಂದದ್ದು ಅವುಗಳಿಗಾಗಿ ಅಲ್ಲ. 24 ದಿನ ಅಂಥ ದೊಡ್ಡವರ ಪಕ್ಕದಲ್ಲಿ ಕುಳಿತು, ನನ್ನ ಕೈ ಅಷ್ಟರದ್ದಲ್ಲ ಎಂದು ಎಲ್ಲರಿಗೂ ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ. ಬ್ಯಾಂಕಿನವನು ಎಂದರೆ ಜನ, "ಕೆಲಸ ಮಾಡಿಕೊಂಡೂ ಎಷ್ಟು ಚೆನ್ನಾಗಿ ಬಾರಿಸುತ್ತಾರೆ" ಎನ್ನುತ್ತಾರೆ. ಪೂರ್ಣಾವಧಿಯವನಿಗೆ ಆ ರಿಯಾಯಿತಿ ಇಲ್ಲ.

ಗುರುಗಳು, "ಸರಿ" ಎಂದು ಫೋನು ಇಟ್ಟರು. ಬೈಯಲಿಲ್ಲ. ಮತ್ತೆ ಅಂಥ ಮಾತು ಎತ್ತಲೂ ಇಲ್ಲ. ಆ ಪ್ರವಾಸಕ್ಕೆ ನನಗಿಂತ ಚಿಕ್ಕ ಹುಡುಗನೊಬ್ಬ ಹೋದ. ಈಗ ಅವನ ಫೋಟೋ ಆಮಂತ್ರಣದಲ್ಲಿ ಬರುತ್ತದೆ.

ಇದನ್ನು ನಾನು ತಂದೆ ಮಗ ಇಬ್ಬರ ಎದುರಿಗೆ ಹೇಳಿದೆ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ಕೇಳಿಸಿತು. ಈ ಅಂಕಣದ ಕರಡನ್ನು ನನ್ನ ಹೆಂಡತಿ ಓದಿದಳು. ಓದಿ, "ನಿಮ್ಮ ಪಿ.ಎಲ್. 112 ದಿನ ಬಾಕಿ ಇತ್ತು ಆಗ. ಸ್ಲಿಪ್ಪು ನೋಡಿದ್ದೆ. ಅದನ್ನೂ ಬರೀರಿ" ಎಂದಳು. ಬರೆದಿದ್ದೇನೆ.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೋಗಿದ್ರೆ ಎಂತ ಆಗ್ತಿತ್ತು ಮಾಸ್ಟ್ರೆ?" ಎಂದು ಕೇಳಿದರು.

"ಗೊತ್ತಿಲ್ಲ. ಬಹುಶಃ ಈ ಮನೆ ಇರುತ್ತಿರಲಿಲ್ಲ. ಬಹುಶಃ ನನ್ನ ಕೈ ಅಷ್ಟರದ್ದಲ್ಲ ಎಂದೇ ತಿಳಿಯುತ್ತಿತ್ತು. ತಿಳಿಯುತ್ತಿತ್ತು ಅಲ್ಲವಾ."

ಆ ಮೇಲೆ ಹುಡುಗನಿಗೆ ನನಗೆ ತೋಚಿದ್ದನ್ನು ಹೇಳಿದೆ. ಡಿಗ್ರಿ ಮುಗಿಸು, ಇನ್ನು ಒಂದೇ ಸೆಮಿಸ್ಟರು, ಅದನ್ನು ಬಿಡುವುದು ಶೌರ್ಯವಲ್ಲ. ಆಮೇಲೆ ಎರಡು ವರ್ಷ. ನನ್ನ ಹತ್ತಿರ ಅಲ್ಲ. ನನ್ನಲ್ಲಿದ್ದದ್ದು ನಿನಗೆ ಮುಗಿದಿದೆ, ಚೆನ್ನೈಗೋ ಬೆಂಗಳೂರಿಗೋ ಹೋಗು. ನೃತ್ಯಕ್ಕೆ ಬಾರಿಸುವುದನ್ನು ಕೀಳೆಂದು ತಿಳಿಯಬೇಡ. ಖಂಜಿರವೂ ಕೈಯಲ್ಲಿರಲಿ. ಈಗಿನಿಂದಲೇ ಇಬ್ಬರು ಮೂವರು ಮಕ್ಕಳಿಗೆ ಪಾಠ ಹೇಳು, ಕಲಿಸುವಾಗ ನಿನ್ನ ತಪ್ಪು ನಿನಗೇ ಕಾಣುತ್ತದೆ. ತಂದೆಯ ಕಡೆ ತಿರುಗಿ ಹೇಳಿದೆ: ಅಮೆರಿಕದಲ್ಲಿ ಎಂ.ಎಸ್. ಮಾಡಿಸಲು ಸಾಲ ತೆಗೆಯಲು ನೀವು ತಯಾರಿದ್ದಿರಿ. ಅದರಲ್ಲಿ ಸ್ವಲ್ಪ ಭಾಗ ಸಾಕು.

ಅವರು, "ಎರಡು ವರ್ಷ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ನಾನು ಹೋಟೆಲು ಇಟ್ಟಾಗ ಮೊದಲ ಎರಡು ವರ್ಷ ಬರೀ ನಷ್ಟ. ಆಗ ನನ್ನ ಹತ್ತಿರ ಯಾರೂ ಲೆಕ್ಕ ಕೇಳಿರಲಿಲ್ಲ." ಒಪ್ಪಿದರೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಿನ್ನೆ ರಾತ್ರಿ ಹತ್ತೂವರೆಗೆ, ಹೋಟೆಲು ಬಾಗಿಲು ಹಾಕಿದ ಮೇಲೆ, ಅವರದೇ ಫೋನು.

"ಮಾಸ್ಟ್ರೆ, ಮೃದಂಗಕ್ಕೆ ಎಷ್ಟಾಗ್ತದೆ?"

ಪೆರುವೆಂಬದಲ್ಲಿ ಹೇಳಿ ಮಾಡಿಸಿದರೆ ಎಷ್ಟಾಗಬಹುದು ಎಂದು ಅಂದಾಜು ಹೇಳಿದೆ. ಒಂದಕ್ಕೆ ಅಷ್ಟು, ಎರಡು ಬೇಕಾಗುತ್ತದೆ ಎಂದೆ.

"ಎರಡ್ಯಾಕೆ? ಒಂದು ಸಾಲುದಿಲ್ವಾ?"

ಗಂಡಸರ ಶ್ರುತಿ, ಹೆಂಗಸರ ಶ್ರುತಿ ಎಂದು ಮೊದಲಿನಿಂದ ವಿವರಿಸಿದೆ. ಹೂಂ, ಹೂಂ ಎಂದು ಕೇಳಿದರು. ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು.

"ಹಾಗಾದ್ರೆ ಮೊದಲು ಯಾವುದು ತಕೊಳ್ಳುದು?" ಎಂದು ಕೇಳಿದರು.